ರಿಪೋರ್ಟ್ ಎಲ್ಲ ನಾರ್ಮಲ್, ಹೊಟ್ಟೆ ಮಾತ್ರ ಸರಿಯಿಲ್ಲ. ಇನ್ನು ಏನು ಕೇಳಬೇಕು?

ಬೆಳ್ಳಕ್ಕಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊಟ್ಟೆಯ ತೊಂದರೆ ಶುರುವಾಗಿ ವರ್ಷಗಳೇ ಆದವು. ಬೆಳಿಗ್ಗೆ ಎದ್ದ ಕೂಡಲೇ ಓಡಬೇಕು. ತಿಂಡಿ ಆದ ಮೇಲೆ ಇನ್ನೊಂದು ಸಲ. ಜಿಡ್ಡಿನದ್ದು ತಿಂದರೆ ಲೆಕ್ಕವೇ ಇಲ್ಲ. ಮಲ ನೀರುನೀರಾಗಿ ಹಳದಿ ಬಣ್ಣಕ್ಕೆ ಇರುತ್ತದೆ, ಹೋಗುವಾಗ ಉರಿ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ ಸೊಂಟದ ಬಟ್ಟೆ ಬಿಗಿಯಾಗುತ್ತದೆ. ಹೊಕ್ಕುಳ ಸುತ್ತ ಹಿಂಡಿದಂತೆ ನೋವು ಬರುತ್ತದೆ, ಟಾಯ್ಲೆಟ್‌ಗೆ ಹೋಗಿ ಬಂದರೆ ಸ್ವಲ್ಪ ಕಮ್ಮಿ. ರಾತ್ರಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ರಕ್ತ ಕಂಡಿಲ್ಲ. ತೂಕ ಇಳಿದಿಲ್ಲ.

ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಎಂಡೋಸ್ಕೋಪಿ, ಕೊಲೊನೋಸ್ಕೋಪಿ ಎಲ್ಲ ಆಯಿತು. ಎಲ್ಲ ನಾರ್ಮಲ್. ಒಬ್ಬ ಡಾಕ್ಟರ್ ಐಬಿಎಸ್ (ಇರಿಟೇಬಲ್ ಬವೆಲ್ ಸಿಂಡ್ರೋಮ್, ಕರುಳು ಸೂಕ್ಷ್ಮವಾಗಿ ಕಾಟ ಕೊಡುವ ಕಾಯಿಲೆ) ಅಂದರು, ಇನ್ನೊಬ್ಬರು ಆಸಿಡಿಟಿ ಅಂದರು, ಮತ್ತೊಬ್ಬರು ಟೆನ್ಷನ್ ಕಮ್ಮಿ ಮಾಡಿಕೊಳ್ಳಿ ಅಂದರು. 'ಏನೂ ಇಲ್ಲ, ಆರಾಮಾಗಿರಿ' ಅಂತಾರೆ. ಏನೂ ಇಲ್ಲ ಅಂದಮೇಲೆ, ಎಲ್ಲಿಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿಯನ್ನೇ ಯಾಕೆ ಹುಡುಕುತ್ತೇನೆ ನಾನು?

ಇನ್ನೂ ಪರೀಕ್ಷೆ ಕೇಳಬೇಕಾ, ಅಥವಾ ಇದು ಇಷ್ಟೇ ಅಂತ ಒಪ್ಪಿಕೊಂಡು ಸುಮ್ಮನಿರಬೇಕಾ?

ನಿಧಾನಸ್ಥ

ನನ್ನ ಕಥೆಯನ್ನೇ ನೀವು ಬರೆದ ಹಾಗಿದೆ. ನನಗೆ ಐಬಿಎಸ್ ಅಂತ ಹೇಳಿ ಆಗಿದೆ. ಉಳಿದವರು ಏನು ಹೇಳುತ್ತಾರೋ ನೋಡೋಣ.

ಕಾಲುದಾರಿ

ನನಗೆ ಕ್ರೋನ್ಸ್ ಇದೆ, ಕರುಳಿನಲ್ಲಿ ಉರಿಯೂತ ಬರುವ ಕಾಯಿಲೆ. ಅದು ಗೊತ್ತಾಗುವ ಮುಂಚೆ ನಾನೂ 'ಎಲ್ಲ ನಾರ್ಮಲ್' ಗುಂಪಿನಲ್ಲೇ ಇದ್ದೆ. ಆಗ ಕಲಿತದ್ದನ್ನು ಹೇಳುತ್ತೇನೆ.

ನಾರ್ಮಲ್ ಅಂದರೆ ಆ ಪರೀಕ್ಷೆ ಏನನ್ನು ಹುಡುಕಿತೋ ಅದು ಸಿಗಲಿಲ್ಲ ಅಂತ, ಅಷ್ಟೇ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಲಿವರ್, ಪಿತ್ತಕೋಶದ ಕಲ್ಲು, ಕಿಡ್ನಿ ಚೆನ್ನಾಗಿ ಕಾಣುತ್ತವೆ. ಕರುಳಿನ ಒಳಪದರದ ಬಗ್ಗೆ ಅದು ಹೇಳುವುದು ಕಡಿಮೆ. ಬಾಯಿಂದ ಹಾಕುವ ಎಂಡೋಸ್ಕೋಪಿ ಸಣ್ಣ ಕರುಳಿನ ಶುರುವಿನ ತನಕ ಹೋಗುತ್ತದೆ. ಕೊಲೊನೋಸ್ಕೋಪಿ ದೊಡ್ಡ ಕರುಳು ದಾಟಿ ಸಣ್ಣ ಕರುಳಿನ ಕೊನೆಯ ತುದಿಯನ್ನು ನೋಡಿ ವಾಪಸ್ ಬರುತ್ತದೆ, ಅದೂ ಎಲ್ಲ ಸಲ ಅಲ್ಲ. ಮಧ್ಯದಲ್ಲಿ ಮೀಟರ್‌ಗಟ್ಟಲೆ ಕರುಳು ಇದೆ, ಅದನ್ನು ಎರಡೂ ನೋಡಿಲ್ಲ. ಅಲ್ಲಿ ಏನೋ ಇದೆ ಅಂತ ಅನುಮಾನ ಬಂದರೆ ಎಂಆರ್ ಎಂಟರೋಗ್ರಫಿ (ಸಣ್ಣ ಕರುಳಿನ ಎಂಆರ್‌ಐ), ಕ್ಯಾಪ್ಸೂಲ್ ಎಂಡೋಸ್ಕೋಪಿ (ನುಂಗುವ ಪುಟ್ಟ ಕ್ಯಾಮೆರಾ) ಮಾಡುತ್ತಾರೆ. ನನ್ನ ಕಾಯಿಲೆ ಸಿಕ್ಕಿದ್ದು ಆ ಜಾಗದಲ್ಲೇ.

ಹಾಗಂತ ನೀವೂ ಅದಕ್ಕೆ ಹೋಗಿ ಅನ್ನುತ್ತಿಲ್ಲ. ಮೊದಲು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಆಗಿದೆಯಾ ಕೇಳಿ. ಕರುಳಿನಲ್ಲಿ ಉರಿಯೂತ ಇದ್ದರೆ ಬಿಳಿ ರಕ್ತಕಣಗಳಿಂದ ಬರುವ ಪ್ರೋಟೀನ್ ಅದು. ಸಾಮಾನ್ಯವಾಗಿ ಗ್ರಾಂಗೆ 50 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಐಬಿಡಿ, ಅಂದರೆ ಕ್ರೋನ್ಸ್ ಅಥವಾ ಅಲ್ಸರೇಟಿವ್ ಕೊಲೈಟಿಸ್ ಇರುವ ಸಾಧ್ಯತೆ ತುಂಬಾ ಕಮ್ಮಿ. ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ಸುಮ್ಮನೆ ಏರಿಬಿಡುತ್ತದೆ, ಅದನ್ನು ಮೊದಲೇ ಹೇಳಿ.

ಇನ್ನೊಂದು, 'ರಕ್ತ ಪರೀಕ್ಷೆ ಆಯಿತು' ಅಂದರೆ ಯಾವುದು? ಹಿಮೋಗ್ಲೋಬಿನ್ನಾ, ಕಬ್ಬಿಣಾಂಶ ತೋರಿಸುವ ಫೆರಿಟಿನ್ನಾ, ಉರಿಯೂತ ತೋರಿಸುವ ಸಿಆರ್‌ಪಿನಾ, ಥೈರಾಯ್ಡಾ, ಗೋಧಿಯಂಥದ್ದು ಕರುಳಿಗೆ ಆಗದ ಸೀಲಿಯಾಕ್ ಕಾಯಿಲೆಯದ್ದಾ? ರಿಪೋರ್ಟ್‌ಗಳನ್ನು ನೀವೇ ಕೈಗೆ ತಗೊಂಡು ಹಾಳೆ ಹಾಳೆ ಓದಿ. 'ನಾರ್ಮಲ್' ಅಂತ ಫೋನಿನಲ್ಲಿ ಹೇಳಿದ್ದನ್ನು ಲೆಕ್ಕಕ್ಕೆ ತಗೋಬೇಡಿ.

ಸಂಜೆಗಾಳಿ

ಒಂದೇ ಪ್ರಶ್ನೆ. ಕೊಲೊನೋಸ್ಕೋಪಿ ಮಾಡಿದಾಗ ಬಯಾಪ್ಸಿ ತೆಗೆದರಾ?

ಕೇಳುತ್ತಿರುವುದಕ್ಕೆ ಕಾರಣ ಇದೆ. ಮೈಕ್ರೋಸ್ಕೋಪಿಕ್ ಕೊಲೈಟಿಸ್ ಅಂತ ಒಂದಿದೆ. ಕ್ಯಾಮೆರಾದಲ್ಲಿ ಕರುಳು ಫಳಫಳ ಅಂತ ಕಾಣುತ್ತದೆ. ಚೂರು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಗೊತ್ತಾಗುವುದು. ನಡುವಯಸ್ಸು ದಾಟಿದ ಹೆಂಗಸರಲ್ಲಿ ಜಾಸ್ತಿ. ನೋವಿನ ಮಾತ್ರೆ, ಆಸಿಡಿಟಿಗೆ ಕೊಡುವ ಪಿಪಿಐ ಮಾತ್ರೆ, ಕೆಲವು ಖಿನ್ನತೆ ಮಾತ್ರೆಗಳ ಜೊತೆಗೂ ನಂಟಿದೆ. ನನ್ನ ಅಮ್ಮನಿಗೆ ಇದೇ ಆಗಿದ್ದು. ಮೊದಲನೇ ಸಲ ಚೂರು ತೆಗೆದಿರಲಿಲ್ಲ, ಎರಡನೇ ಸಲ ತೆಗೆದರು, ಸಿಕ್ಕಿತು. ಕರುಳಿನ ಉರಿಯೂತ ಇಳಿಸುವ ಬುಡೆಸೊನೈಡ್ ಕೊಟ್ಟ ಮೇಲೆ ಅವರು ಮತ್ತೆ ಬೆಳಗಿನ ವಾಕಿಂಗ್ ಹೋಗುತ್ತಿದ್ದಾರೆ.

ರಿಪೋರ್ಟ್‌ನ ಕೊನೆಯಲ್ಲಿ ಬಯಾಪ್ಸಿ ಬಗ್ಗೆ ಒಂದು ಸಾಲು ಇರುತ್ತದೆ, ನೋಡಿ.

ಹಸಿರುಬಾಗಿಲು

ಇಷ್ಟೆಲ್ಲ ತಲೆಬಿಸಿ ಯಾಕೆ? ನಾಳೆಯಿಂದಲೇ ಗೋಧಿ ಬಿಡಿ, ಹಾಲು ಬಿಡಿ. ನಾನು ಬಿಟ್ಟೆ, ಆರಾಮಾಗಿದ್ದೇನೆ. ಜೊತೆಗೆ ರಕ್ತ ಕೊಟ್ಟರೆ ಯಾವ ಯಾವ ಆಹಾರ ಆಗುವುದಿಲ್ಲ ಅಂತ ದೊಡ್ಡ ಪಟ್ಟಿಯನ್ನೇ ಕೊಡುವ ಪರೀಕ್ಷೆ ಇದೆ, ಮಾಡಿಸಿ. ಡಾಕ್ಟರ್‌ಗಳಿಗೆ ಇದೆಲ್ಲ ಗೊತ್ತೇ ಇರುವುದಿಲ್ಲ.

ಗಾಜಿನಪಟ್ಟಿ

ಲ್ಯಾಬ್‌ನಲ್ಲಿ ಕೆಲಸ ಮಾಡುವವಳು ನಾನು. ಹಸಿರುಬಾಗಿಲು ಅವರೇ, ನಿಮಗೆ ಆರಾಮಾಗಿದ್ದಕ್ಕೆ ಖುಷಿ, ಆದರೆ ಈ ಸಲಹೆ ಹೀಗೆ ಕೊಡಬೇಡಿ ದಯವಿಟ್ಟು.

ಸೀಲಿಯಾಕ್ ಪರೀಕ್ಷೆ ಆಗುವ ಮೊದಲು ಗೋಧಿ ಬಿಟ್ಟರೆ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಗೋಧಿ, ಬಾರ್ಲಿ, ರೈ ಮೂರರಲ್ಲೂ ಇರುವ ಗ್ಲುಟನ್‌ಗೆ ದೇಹ ತಿರುಗಿಬಿದ್ದಾಗ ಬರುವ ಆಂಟಿಬಾಡಿಯನ್ನೇ ನಾವು ಅಳೆಯುವುದು. ಗ್ಲುಟನ್ ತಿನ್ನುವುದು ನಿಲ್ಲಿಸಿದರೆ ಆಂಟಿಬಾಡಿ ಇಳಿಯುತ್ತಾ ಹೋಗುತ್ತದೆ, ಕರುಳಿನ ಪದರವೂ ಚೇತರಿಸಿಕೊಳ್ಳುತ್ತದೆ. ಆಮೇಲೆ ರಕ್ತವೂ ನಾರ್ಮಲ್, ಬಯಾಪ್ಸಿಯೂ ನಾರ್ಮಲ್. ಕಾಯಿಲೆ ಇತ್ತಾ ಇಲ್ಲವಾ ಅಂತ ತಿಳಿಯಲು ಮತ್ತೆ ವಾರಗಟ್ಟಲೆ ಗೋಧಿ ತಿನ್ನಿ ಅಂತಾರೆ. ಬಿಟ್ಟು ಆರಾಮಾದವರಿಗೆ ಅದು ನರಕ.

ಪರೀಕ್ಷೆಯ ಹೆಸರು ಟಿಟಿಜಿ ಐಜಿಎ. ಐಜಿಎ, ಐಜಿಜಿ ಅಂದರೆ ಆಂಟಿಬಾಡಿಯ ಬಗೆಗಳು. ಇದರ ಜೊತೆ ಟೋಟಲ್ ಐಜಿಎ ಕೂಡ ನೋಡಬೇಕು. ಕೆಲವರ ದೇಹದಲ್ಲಿ ಐಜಿಎ ಹುಟ್ಟಿನಿಂದಲೇ ಕಮ್ಮಿ. ಅಂಥವರಲ್ಲಿ ಸೀಲಿಯಾಕ್ ಇದ್ದರೂ ಟಿಟಿಜಿ ಐಜಿಎ ನೆಗೆಟಿವ್ ಬರಬಹುದು. ಆಗ ಐಜಿಜಿ ಬಗೆಯ ಸೀಲಿಯಾಕ್ ಪರೀಕ್ಷೆ ಮಾಡಬೇಕಾಗುತ್ತದೆ.

ಇನ್ನು ಆ 'ದೊಡ್ಡ ಪಟ್ಟಿ' ಪರೀಕ್ಷೆ. ಅದರಲ್ಲಿ ಅಳೆಯುವುದು ಆಹಾರಗಳಿಗೆ ಇರುವ ಐಜಿಜಿ. ನೀವು ಏನನ್ನು ಆಗಾಗ ತಿನ್ನುತ್ತೀರೋ ಅದಕ್ಕೆ ಐಜಿಜಿ ಇರುವುದು ಸಹಜ. ಆ ಆಹಾರ ಆಗಿಬರುವುದಿಲ್ಲ ಅಂತ ಅದರ ಅರ್ಥ ಅಲ್ಲ. ಅಲರ್ಜಿ ತಜ್ಞರ ಸಂಘಗಳೇ ಇದನ್ನು ಮಾಡಿಸಬೇಡಿ ಅಂತ ಹೇಳಿವೆ. ಪಟ್ಟಿ ಹಿಡಿದುಕೊಂಡು ಒಂದೊಂದೇ ಬಿಡುತ್ತಾ ಹೋಗಿ ಕೊನೆಗೆ ತಟ್ಟೆಯಲ್ಲಿ ಏನೂ ಉಳಿಯದವರನ್ನು ನೋಡಿದ್ದೇನೆ.

ಹಸಿರುಬಾಗಿಲು

ನನಗೆ ಸೀಲಿಯಾಕ್ ಪರೀಕ್ಷೆ ಯಾರೂ ಮಾಡಲಿಲ್ಲ. ಈಗ ಮತ್ತೆ ಗೋಧಿ ತಿನ್ನುವ ಧೈರ್ಯ ಇಲ್ಲ.

ಗಾಜಿನಪಟ್ಟಿ

ಹಾಗಿದ್ದರೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಅನ್ನುವ ಜೀನ್ ಪರೀಕ್ಷೆ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಗೋಧಿ ತಿನ್ನದಿದ್ದರೂ ಅದು ನಡೆಯುತ್ತದೆ. ಎರಡೂ ಇಲ್ಲ ಅಂತ ಬಂದರೆ ಸೀಲಿಯಾಕ್ ಬಹುತೇಕ ಇಲ್ಲ. ಇದೆ ಅಂತ ಬಂದರೆ ಮಾತ್ರ ಏನೂ ತೀರ್ಮಾನ ಆಗುವುದಿಲ್ಲ, ಯಾಕಂದರೆ ಕಾಯಿಲೆ ಇಲ್ಲದ ಎಷ್ಟೋ ಜನರಲ್ಲೂ ಆ ಜೀನ್ ಇರುತ್ತದೆ.

ಕೆಂಪುಚುಕ್ಕಿ

ಹೆಂಗಸರಿಗೆ ಒಂದು ಮಾತು. ಹೊಟ್ಟೆ ಉಬ್ಬರ, ಮೋಷನ್ ಹೋಗುವಾಗ ನೋವು ಮುಟ್ಟಿನ ದಿನಗಳ ಸುತ್ತಮುತ್ತ ಜಾಸ್ತಿಯಾಗುತ್ತದಾ ಅಂತ ಗಮನಿಸಿ. ನನ್ನನ್ನು ಬಹಳ ಕಾಲ ಐಬಿಎಸ್ ಅಂತಲೇ ನೋಡಿದರು. ಆಮೇಲೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೆ ಬೆಳೆಯುವ ಕಾಯಿಲೆ) ಅಂತ ಗೊತ್ತಾಯಿತು. ಹೊಟ್ಟೆ ಡಾಕ್ಟರ್ ಮುಟ್ಟಿನ ಬಗ್ಗೆ ಕೇಳುವುದಿಲ್ಲ, ಹೆರಿಗೆ ಡಾಕ್ಟರ್ ಮೋಷನ್ ಬಗ್ಗೆ ಕೇಳುವುದಿಲ್ಲ. ಎರಡನ್ನೂ ಒಂದೇ ಕ್ಯಾಲೆಂಡರ್‌ನಲ್ಲಿ ಬರೆದು ತೋರಿಸಿದ ಮೇಲೆಯೇ ಅವರ ಮುಖ ಬದಲಾಗಿದ್ದು.

50 ದಾಟಿದವರಿಗೆ ಹೊಸದಾಗಿ ಹೊಟ್ಟೆ ಉಬ್ಬರ ಶುರುವಾಗಿ ಹೋಗದೇ ಉಳಿದರೆ, ಎರಡು ತುತ್ತಿಗೆ ಹೊಟ್ಟೆ ತುಂಬಿದಂತೆ ಅನ್ನಿಸಿದರೆ, ಅಂಡಾಶಯದಲ್ಲಿ ಕ್ಯಾನ್ಸರ್ ಇಲ್ಲ ಅಂತ ನೋಡಲು ಪರೀಕ್ಷೆ ಆಗಲೇಬೇಕು. ಆ ವಯಸ್ಸಿನಲ್ಲಿ ಮೊದಲ ಸಲ ಬಂದದ್ದನ್ನು ಐಬಿಎಸ್ ಅಂತ ಬಿಡಬಾರದು.

ಬೆಳ್ಳಕ್ಕಿ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್.

ಫೈಲ್ ತೆಗೆದು ಕೂತೆ. ಹಿಮೋಗ್ಲೋಬಿನ್, ಸಿಆರ್‌ಪಿ ಸರಿ ಇವೆ. ಥೈರಾಯ್ಡ್‌ಗೆ ಮೊದಲಿಂದ ಮಾತ್ರೆ ತಗೊಳ್ಳುತ್ತೇನೆ, ಅದರ ಮಟ್ಟವೂ ಸರಿ ಇದೆ. ಟಿಟಿಜಿ ಐಜಿಎ ನೆಗೆಟಿವ್, ಟೋಟಲ್ ಐಜಿಎ ಮಾಡಿಲ್ಲ. ಕ್ಯಾಲ್‌ಪ್ರೊಟೆಕ್ಟಿನ್ ಇಲ್ಲ. ಕೊಲೊನೋಸ್ಕೋಪಿಯಲ್ಲಿ ಬಯಾಪ್ಸಿ ತೆಗೆದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶ ಇಲ್ಲ ಅಂತ ಬರೆದಿದೆ. ಅದು ಕಲ್ಲಾಗಿತ್ತು ಅಂತ ಹಿಂದೆಯೇ ಆಪರೇಷನ್ ಮಾಡಿ ತೆಗೆದದ್ದು.

ಕಾಲುದಾರಿ

ನಿಲ್ಲಿ, ನಿಲ್ಲಿ. ಪಿತ್ತಕೋಶ ಇಲ್ಲವಾ? ಈ ಭೇದಿ ಶುರುವಾದದ್ದು ಆಪರೇಷನ್‌ಗೆ ಮೊದಲಾ ಆಮೇಲಾ?

ಬೆಳ್ಳಕ್ಕಿ

ಆಮೇಲೆ. ಆದರೆ ತಕ್ಷಣ ಅಲ್ಲ. ಕೆಲವು ತಿಂಗಳು ಚೆನ್ನಾಗಿಯೇ ಇದ್ದೆ, ನಿಧಾನಕ್ಕೆ ಶುರುವಾಯಿತು. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ? ಯಾರೂ ಹೇಳಿಲ್ಲ.

ಕಾಲುದಾರಿ

ಇರಬಹುದು. ಖಂಡಿತ ಇದೆ ಅನ್ನಲು ನಾನು ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆ ಕೇಳದೇ ಬರಬೇಡಿ. ಬೈಲ್ ಆಸಿಡ್ ಡಯೇರಿಯಾ, ಅಂದರೆ ಪಿತ್ತಾಮ್ಲದಿಂದ ಬರುವ ಭೇದಿ, ಅಂತ ಹೆಸರು.

ಜಿಡ್ಡನ್ನು ಸೋಪಿನ ಹಾಗೆ ಕರಗಿಸುವುದು ಪಿತ್ತರಸದ ಕೆಲಸ. ಲಿವರ್ ಅದನ್ನು ತಯಾರಿಸುತ್ತದೆ, ಪಿತ್ತಕೋಶ ಕೂಡಿಟ್ಟುಕೊಂಡು ಊಟದ ಹೊತ್ತಿಗೆ ಸುರಿಯುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿನ ಪಿತ್ತಾಮ್ಲದ ಸುಮಾರು ಶೇ. 95 ಭಾಗವನ್ನು ಸಣ್ಣ ಕರುಳಿನ ಕೊನೆಯ ತುದಿ ಹೀರಿಕೊಂಡು ಲಿವರ್‌ಗೆ ವಾಪಸ್ ಕಳಿಸುತ್ತದೆ. ಪಿತ್ತಕೋಶ ತೆಗೆದ ಮೇಲೆ ಕೂಡಿಡುವವರು ಇಲ್ಲ, ಇಡೀ ದಿನ ಕರುಳಿಗೆ ಇಳಿಯುತ್ತಲೇ ಇರುತ್ತದೆ. ಕೆಲವರಲ್ಲಿ ಅಷ್ಟನ್ನೂ ಹೀರಿಕೊಳ್ಳಲು ಆಗದೆ ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿ ಅದು ನೀರು ಎಳೆದು ಕರುಳನ್ನು ಓಡಿಸುತ್ತದೆ. ಬೆಳಗಿನ ಓಟ, ಹಳದಿ, ಉರಿ, ಜಿಡ್ಡು ತಿಂದರೆ ಜಾಸ್ತಿ, ನೀವು ಬರೆದದ್ದನ್ನೇ ಓದಿ ನೋಡಿ.

ಕ್ರೋನ್ಸ್‌ಗೆ ನನ್ನ ಕರುಳಿನ ಆ ತುದಿಯನ್ನೇ ಕತ್ತರಿಸಿದ್ದಾರೆ. ಹಾಗಾಗಿ ಇದು ನನಗೆ ಬಾಯಿಪಾಠ.

ಪತ್ತೆ ಹಚ್ಚಲು ಕೆಲವು ದೇಶಗಳಲ್ಲಿ ಸೆಹ್‌ಕ್ಯಾಟ್ ಅನ್ನುವ ಸ್ಕ್ಯಾನ್ ಇದೆ. ಪಿತ್ತಾಮ್ಲದಂತೆಯೇ ವರ್ತಿಸುವ, ಸ್ಕ್ಯಾನ್‌ನಲ್ಲಿ ಕಾಣುವ ವಸ್ತು ಇರುವ ಒಂದು ಮಾತ್ರೆ ನುಂಗಿಸಿ ಅವತ್ತು ಒಂದು ಸಲ, 7 ದಿನ ಬಿಟ್ಟು ಇನ್ನೊಂದು ಸಲ ಅಳೆಯುತ್ತಾರೆ. ದೇಹದಲ್ಲಿ ಆ ವಸ್ತುವಿನ ಶೇ. 15ಕ್ಕಿಂತ ಕಮ್ಮಿ ಉಳಿದಿದ್ದರೆ ಪಿತ್ತಾಮ್ಲ ಸೋರಿಹೋಗುತ್ತಿದೆ ಅಂತ ಲೆಕ್ಕ. ಸಿ4 ಅನ್ನುವ ರಕ್ತ ಪರೀಕ್ಷೆಯೂ ಇದೆ. ಎರಡೂ ಸಿಗದ ಕಡೆ, ಪಿತ್ತಾಮ್ಲವನ್ನು ಹಿಡಿದಿಡುವ ಔಷಧ ಕೊಟ್ಟು ಕಮ್ಮಿ ಆಗುತ್ತದಾ ನೋಡುತ್ತಾರೆ.

ನಿಧಾನಸ್ಥ

ಒಂದು ವಿಷಯಕ್ಕೆ ನನ್ನ ತಕರಾರು. ಇಲ್ಲಿ ಎಲ್ಲರೂ ಐಬಿಎಸ್ ಅಂದರೆ ಡಾಕ್ಟರ್ ಕೈಚೆಲ್ಲಿದರು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಅದೂ ಒಂದು ಕಾಯಿಲೆಯೇ. ಅದಕ್ಕೂ ಲಕ್ಷಣ ಇದೆ, 2016ರ ರೋಮ್ 4 ಅನ್ನುವ ನಿಯಮದಲ್ಲಿ ಬರೆದಿಟ್ಟಿದ್ದಾರೆ. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೆ ಮೋಷನ್ ಜೊತೆ, ಅದು ಎಷ್ಟು ಸಲ ಆಗುತ್ತದೆ ಅನ್ನುವುದರ ಜೊತೆ, ಹೇಗಿರುತ್ತದೆ ಅನ್ನುವುದರ ಜೊತೆ, ಈ ಮೂರರಲ್ಲಿ ಎರಡಾದರೂ ನಂಟು ಇರಬೇಕು. ತೊಂದರೆ ಶುರುವಾಗಿ 6 ತಿಂಗಳಾದರೂ ಆಗಿರಬೇಕು. ನನಗೆ ಇದೆಲ್ಲ ಕೇಳಿ, ಬೇರೆಯದನ್ನು ನೋಡಿ, ಆಮೇಲೆ ಹೇಳಿದರು. ಜೋರಾಗಿ ವಾಂತಿ ಭೇದಿ ಆದ ಮೇಲೆ ಶುರುವಾದದ್ದು ನನ್ನದು. ಸೋಂಕು ಹೋದರೂ ಕರುಳಿನ ನರಗಳು ಸೂಕ್ಷ್ಮವಾಗಿಯೇ ಉಳಿದುಬಿಡುತ್ತವಂತೆ.

'ಟೆನ್ಷನ್' ಅಂದರೆ ನನಗೂ ಮೈ ಉರಿಯುತ್ತಿತ್ತು. ಆದರೆ ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕ ಇರುವುದಂತೂ ನಿಜ. ಮಲಗುವ ಮುಂಚೆ ಕಮ್ಮಿ ಡೋಸ್ ಅಮಿಟ್ರಿಪ್ಟಿಲಿನ್ ಕೊಟ್ಟರು. ಖಿನ್ನತೆ ಮಾತ್ರೆ ಯಾಕೆ ಅಂತ ಜಗಳ ಆಡಿದೆ. ಖಿನ್ನತೆಗೆ ಕೊಡುವ ಡೋಸ್‌ಗಿಂತ ಅದು ತುಂಬಾ ಚಿಕ್ಕದು, ಕೊಟ್ಟದ್ದು ಕರುಳಿನ ನೋವಿಗೆ. ಬಾಯಿ ಒಣಗುತ್ತದೆ, ಅದು ಬಿಟ್ಟರೆ ನಾನು ಈಗ ಮನುಷ್ಯ ಆಗಿದ್ದೇನೆ.

ಕೆಂಪುಚುಕ್ಕಿ

ಒಪ್ಪಿದೆ. ನನ್ನ ಸಿಟ್ಟು ಐಬಿಎಸ್ ಮೇಲೆ ಅಲ್ಲ. ಒಂದೂ ಪ್ರಶ್ನೆ ಕೇಳದೆ ಹೇಳುವುದರ ಮೇಲೆ.

ಮುಳ್ಳುಬೇಲಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೂ ಯಾರಿಗಾದರೂ ಉಪಯೋಗಕ್ಕೆ ಬರಲಿ. ನನಗೆ ಬಲಗಡೆ ಒಂದೇ ಜಾಗದಲ್ಲಿ, ಬೆರಳ ತುದಿಯಷ್ಟು ಜಾಗದಲ್ಲಿ ನೋವು. ಎಷ್ಟು ಸ್ಕ್ಯಾನ್ ಆದರೂ ಏನೂ ಇಲ್ಲ. ವಯಸ್ಸಾದ ಒಬ್ಬ ಸರ್ಜನ್ ನನ್ನನ್ನು ಮಲಗಿಸಿ, ನೋವಿನ ಜಾಗದ ಮೇಲೆ ಬೆರಳಿಟ್ಟು, 'ಕೈ ಊರದೆ ತಲೆ, ಹೆಗಲು ಎತ್ತಿ' ಅಂದರು. ಎತ್ತಿದೆ. ನೋವು ಇಮ್ಮಡಿ ಆಯಿತು. ಬೆರಳು ತೆಗೆಯದೆ ಹೇಳಿದರು, ಇದು ಒಳಗಿನದ್ದಲ್ಲ, ಹೊಟ್ಟೆ ಗೋಡೆಯದ್ದು ಅಂತ. ಹೊಟ್ಟೆಯ ಸ್ನಾಯು ಬಿಗಿಯಾದಾಗ ಒಳಗಿನ ಅಂಗಗಳು ಅದರ ಹಿಂದೆ ಮರೆಯಾಗುತ್ತವೆ. ಆಗ ನೋವು ಕಮ್ಮಿಯಾದರೆ ಒಳಗಿನದ್ದು ಇರಬಹುದು, ಹಾಗೇ ಇದ್ದರೆ ಅಥವಾ ಜಾಸ್ತಿಯಾದರೆ ಗೋಡೆಯದ್ದು. ಕಾರ್ನೆಟ್ ಪರೀಕ್ಷೆ ಅಂತ ಹೆಸರಂತೆ. ಸ್ನಾಯುವಿನ ನಡುವೆ ಸಿಕ್ಕಿಕೊಂಡ ನರ. ಮರಗಟ್ಟಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟರು, ಮಂಚದಿಂದ ಇಳಿಯುವಾಗ ನೋವಿರಲಿಲ್ಲ. ಅಷ್ಟು ದಿನ ಯಾರೂ ಹೊಟ್ಟೆ ಮುಟ್ಟಿಯೇ ನೋಡಿರಲಿಲ್ಲ, ಬರೀ ರಿಪೋರ್ಟ್ ನೋಡಿದ್ದರು.

ಸಂಜೆಗಾಳಿ

ಡಾಕ್ಟರ್ ಹತ್ತಿರ ಹೇಗೆ ಹೇಳುವುದು ಅನ್ನುವುದೇ ಅರ್ಧ ಕೆಲಸ. ಅಮ್ಮನ ಜೊತೆ ಹೋಗುವಾಗ ನಾನು ಒಂದು ಹಾಳೆ ಬರೆದುಕೊಂಡು ಹೋಗುತ್ತಿದ್ದೆ. ಒಂದೇ ಹಾಳೆ, ಪುಸ್ತಕ ಕೊಟ್ಟರೆ ಯಾರೂ ಓದುವುದಿಲ್ಲ. ಯಾವಾಗ ಶುರು, ಅದಕ್ಕೂ ಮೊದಲು ಏನಾಗಿತ್ತು (ಆಪರೇಷನ್, ಸೋಂಕು, ಹೊಸ ಮಾತ್ರೆ), ಈಗ ತಗೊಳ್ಳುವ ಎಲ್ಲ ಮಾತ್ರೆ, ಆದ ಪರೀಕ್ಷೆಗಳು ತಾರೀಖಿನ ಸಮೇತ. ಮಾತ್ರೆ ಯಾಕೆ ಅಂದರೆ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಮೆಗ್ನೀಷಿಯಂ ಇರುವ ಆಂಟಾಸಿಡ್ ಇವೇ ಭೇದಿ ಮಾಡಿಸಬಹುದು. ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿ ಇರುವ ಸಾರ್ಬಿಟಾಲ್ ಕೂಡ.

ಮಲದ ಬಗ್ಗೆ 'ಒಂಥರಾ' ಅನ್ನುವ ಬದಲು ಬ್ರಿಸ್ಟಲ್ ಚಾರ್ಟ್ ನಂಬರ್ ಹೇಳಿ. 1 ಅಂದರೆ ಗಟ್ಟಿ ಉಂಡೆ, 7 ಅಂದರೆ ಬರೀ ನೀರು. ನಾಚಿಕೆ ಬಿಟ್ಟು ಫೋಟೋ ತೆಗೆದಿಟ್ಟುಕೊಳ್ಳಿ. ಅಮ್ಮ ನನ್ನನ್ನು ಬೈದರು, ಡಾಕ್ಟರ್ ಮಾತ್ರ ಫೋನ್ ಕೈಗೆ ತಗೊಂಡು ನೋಡಿದರು.

ಕೊನೆಗೆ ಒಂದು ಪ್ರಶ್ನೆ: 'ಇಲ್ಲಿಯ ತನಕ ಯಾವುದೆಲ್ಲ ಇಲ್ಲ ಅಂತ ಖಚಿತ ಆಯಿತು, ಯಾವುದನ್ನು ಇನ್ನೂ ನೋಡಿಲ್ಲ?' ಹೀಗೆ ಕೇಳಿದರೆ ಅವರಿಗೂ ಸಿಟ್ಟು ಬರುವುದಿಲ್ಲ, ಉತ್ತರ ಕೊಡಲೇಬೇಕಾಗುತ್ತದೆ.

ಕಾಲುದಾರಿ

ಓದುತ್ತಿರುವ ಬೇರೆಯವರಿಗೆ: ಮಲದಲ್ಲಿ ರಕ್ತ, ತಾನಾಗಿ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಬಿಡದ ಜ್ವರ, ಕಬ್ಬಿಣಾಂಶದ ಕೊರತೆ, ನುಂಗಲು ಕಷ್ಟ, ಮನೆಯವರಲ್ಲಿ ಕರುಳಿನ ಕ್ಯಾನ್ಸರ್, ಇದರಲ್ಲಿ ಒಂದಿದ್ದರೂ ಇಲ್ಲಿ ಓದುತ್ತಾ ಕೂರಬೇಡಿ. ಡಾಕ್ಟರ್ ಹತ್ತಿರ ಹೋಗಿ.

ಬೆಳ್ಳಕ್ಕಿ

ಹೋಗಿ ಬಂದೆ. ಬೇರೆ ಡಾಕ್ಟರ್. ಒಂದು ಹಾಳೆ ಕೊಟ್ಟೆ. ಪೂರ್ತಿ ಓದಿ, 'ಆಪರೇಷನ್' ಅಂತ ಇದ್ದ ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. ನಾನು ಬಾಯಿ ಬಿಡುವ ಮೊದಲೇ ಬೈಲ್ ಆಸಿಡ್ ಬಗ್ಗೆ ಅವರೇ ಶುರು ಮಾಡಿದರು.

ಟೋಟಲ್ ಐಜಿಎ ಸರಿ ಇದೆ, ಹಾಗಾಗಿ ಸೀಲಿಯಾಕ್ ಪಕ್ಕಕ್ಕೆ. ಕ್ಯಾಲ್‌ಪ್ರೊಟೆಕ್ಟಿನ್ ಕಮ್ಮಿಯೇ ಬಂತು. ಸೆಹ್‌ಕ್ಯಾಟ್ ಇಲ್ಲಿ ಸಿಗುವುದಿಲ್ಲ, ಅದಕ್ಕೆ ಪಿತ್ತಾಮ್ಲವನ್ನು ಹಿಡಿದಿಡುವ ಕೊಲೆಸ್ಟಿರಮಿನ್ ಪುಡಿ ಕೊಟ್ಟು ನೋಡೋಣ ಅಂದರು. ಅದಕ್ಕೂ ಬಗ್ಗದಿದ್ದರೆ ಬಯಾಪ್ಸಿಗೆ ಮತ್ತೆ ಕೊಲೊನೋಸ್ಕೋಪಿ.

ಪುಡಿ ನೀರಿನಲ್ಲಿ ಕರಗುವುದೇ ಇಲ್ಲ. ಎಷ್ಟು ಕಲಕಿದರೂ ಮರಳು ಮರಳು, ಲೋಟದ ತಳಕ್ಕೆ ಕೂರುತ್ತದೆ, ಇನ್ನೊಂದು ಸಲ ನೀರು ಹಾಕಿ ಕುಡಿಯಬೇಕು. ಆದರೆ ಬೆಳಗಿನ ಓಟ ನಿಂತಿದೆ. ನಿಜವಾಗಿಯೂ ನಿಂತಿದೆ. ಉಬ್ಬರ ಮಾತ್ರ ಹೋಗಿಲ್ಲ, ಒಂದೆರಡು ದಿನ ಮಲಬದ್ಧತೆಯೂ ಆಯಿತು.

ಕಾಲುದಾರಿ

ತುಂಬಾ ಸಂತೋಷ! ಮಲಬದ್ಧತೆ ಆದರೆ ಡೋಸ್ ಜಾಸ್ತಿ ಆಗಿರಬಹುದು, ಕೇಳಿ ಇಳಿಸಿಕೊಳ್ಳಿ. ಆ ಪುಡಿಯಿಂದಲೇ ಕೆಲವರಿಗೆ ಉಬ್ಬರವೂ ಬರುತ್ತದೆ.

ನೀವು ಥೈರಾಯ್ಡ್ ಮಾತ್ರೆ ತಗೊಳ್ಳುತ್ತೀರಿ ಅಂದಿದ್ದಿರಿ ಅಲ್ವಾ? ಎರಡನ್ನೂ ಒಟ್ಟಿಗೆ ತಗೋಬೇಡಿ. ಈ ಪುಡಿ ಪಿತ್ತಾಮ್ಲವನ್ನಷ್ಟೇ ಅಲ್ಲ, ಬೇರೆ ಮಾತ್ರೆಗಳನ್ನೂ ಹಿಡಿದುಕೊಂಡುಬಿಡುತ್ತದೆ. ಬೇರೆ ಮಾತ್ರೆ ಪುಡಿಗಿಂತ 1 ಗಂಟೆ ಮೊದಲು, ಇಲ್ಲಾ 4ರಿಂದ 6 ಗಂಟೆ ಆದಮೇಲೆ ಅನ್ನುವುದು ಸಾಮಾನ್ಯ ಲೆಕ್ಕ. ಥೈರಾಯ್ಡ್ ಮಾತ್ರೆಗೆ ಮಾತ್ರ ಹಿಂದೆ ಮುಂದೆ 4 ಗಂಟೆಯಾದರೂ ಅಂತರ ಬೇಕು. ಬಹಳ ಕಾಲ ತಗೊಳ್ಳುವುದಾದರೆ ಎ, ಡಿ, ಇ, ಕೆ ವಿಟಮಿನ್ ಮತ್ತು ಟ್ರೈಗ್ಲಿಸರೈಡ್ ಮೇಲೂ ಕಣ್ಣಿಡಬೇಕು.

ಬೆಳ್ಳಕ್ಕಿ

ಅಯ್ಯೋ, ಇದನ್ನು ಹೇಳಿರಲಿಲ್ಲ! ಎರಡನ್ನೂ ಬೆಳಿಗ್ಗೆ ಒಟ್ಟಿಗೇ ತಗೊಳ್ಳುತ್ತಿದ್ದೆ. ಥೈರಾಯ್ಡ್ ಮಾತ್ರೆ ಎದ್ದ ತಕ್ಷಣ, ಪುಡಿ ಮಧ್ಯಾಹ್ನ ಊಟದ ಹೊತ್ತಿಗೆ ಮಾಡಿದರೆ ಸರಿ ಹೋಗುತ್ತದಾ?

ಗಾಜಿನಪಟ್ಟಿ

ಅಂತರ ಸಾಕಾಗುತ್ತದೆ, ಆದರೂ ಡಾಕ್ಟರ್‌ಗೆ ಒಂದು ಫೋನ್ ಮಾಡಿ ಕೇಳಿಬಿಡಿ. ಇಷ್ಟು ದಿನ ಒಟ್ಟಿಗೆ ತಗೊಂಡಿದ್ದೀರಿ ಅಂತಲೂ ಹೇಳಿ, ಥೈರಾಯ್ಡ್ ಸರಿ ಇದೆಯಾ ಅಂತ ತೋರಿಸುವ ಟಿಎಸ್‌ಎಚ್ ಯಾವಾಗ ನೋಡಬೇಕು ಅಂತ ಅವರೇ ಹೇಳುತ್ತಾರೆ.

ನಿಧಾನಸ್ಥ

ಡೋಸ್ ಸರಿ ಮಾಡಿದ ಮೇಲೂ ಉಬ್ಬರ ಉಳಿದರೆ ಫಾಡ್‌ಮ್ಯಾಪ್ ಬಗ್ಗೆ ಕೇಳಿ. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು ರೂಪಿಸಿದ ಆಹಾರ ಪದ್ಧತಿ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಇಂಥವನ್ನು 2ರಿಂದ 6 ವಾರ ಕಮ್ಮಿ ಮಾಡಿ, ಆಮೇಲೆ ಒಂದೊಂದಾಗಿ ವಾಪಸ್ ತಂದು ಯಾವುದು ಕಾಟ ಕೊಡುತ್ತದೆ ಅಂತ ನೋಡುವುದು. ಜನ ಬಿಡುವ ಭಾಗ ಮಾಡುತ್ತಾರೆ, ವಾಪಸ್ ತರುವ ಭಾಗ ಮರೆತುಬಿಡುತ್ತಾರೆ. ಡಯಟಿಷಿಯನ್ ಜೊತೆ ಮಾಡಿ, ಸುಮ್ನೆ ನೀವೇ ಶುರು ಮಾಡಬೇಡಿ.

ಬೆಳ್ಳಕ್ಕಿ

ಫೋನ್ ಮಾಡಿದೆ. ಮಾತ್ರೆ ಬೆಳಿಗ್ಗೆ, ಪುಡಿ ಮಧ್ಯಾಹ್ನ, ಡೋಸ್ ಅರ್ಧ. ಆರು ವಾರ ಬಿಟ್ಟು ಟಿಎಸ್‌ಎಚ್. ಉಬ್ಬರದ ವಿಷಯ ಅದು ಆದ ಮೇಲೆ ನೋಡೋಣ ಅಂದರು. ರಿಪೋರ್ಟ್ ಬಂದ ಮೇಲೆ ಇಲ್ಲಿ ಹಾಕುತ್ತೇನೆ.